ಕಾಡಿಗೆ ಹೋಗದವರಿಗೆ ಬಂದ ಮಂಗನ ಕಾಯಿಲೆ: ಒಂದು ಪ್ರಕರಣ

ಇದು ಮಲೆನಾಡಿನ ಒಂದು ಹಳ್ಳಿಯ ಕಥೆ. ಊರಿನ ಹೆಸರು ಹೇಳುವುದಿಲ್ಲ. ಯಾರ ಗುರುತೂ ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಆದರೆ ನಾವು ಯಾವಾಗ ಏನು ತೀರ್ಮಾನ ಮಾಡಿದೆವು, ಎಲ್ಲಿ ಎಡವಿದೆವು ಅನ್ನುವುದನ್ನು ಮುಚ್ಚಿಟ್ಟಿಲ್ಲ. ಮುಚ್ಚಿಟ್ಟರೆ ಇಂಥದ್ದನ್ನು ಬರೆದು ಏನು ಪ್ರಯೋಜನ?

ನನ್ನ ಕೆಲಸ ರೋಗ ಪರಿಸರ ವಿಜ್ಞಾನ. ಜ್ವರ ಬಂದವರಿಗೆ ಔಷಧಿ ಕೊಡುವುದು ಡಾಕ್ಟರ ಕೆಲಸ. ಆ ಜ್ವರ ಯಾವ ಪ್ರಾಣಿಯಲ್ಲಿತ್ತು, ಯಾವ ಹುಳ ಅದನ್ನು ಹೊತ್ತು ತಂತು, ಯಾವ ದಾರಿಯಲ್ಲಿ ಮನುಷ್ಯನವರೆಗೆ ಬಂತು ಅಂತ ಹಿಂದಕ್ಕೆ ಹುಡುಕಿಕೊಂಡು ಹೋಗುವುದು ನಮ್ಮದು. ಅರ್ಧ ದಿನ ಕಾಡಲ್ಲಿ ಹುಳ ಹಿಡಿಯಲು ಬಿಳಿ ಬಟ್ಟೆ ಎಳೆಯುತ್ತೇವೆ, ಇನ್ನರ್ಧ ದಿನ ಯಾರದೋ ಮನೆ ಜಗಲಿಯಲ್ಲಿ ಕೂತು ಮಾತಾಡುತ್ತೇವೆ. ಈ ಪ್ರಕರಣದಲ್ಲಿ ಬಟ್ಟೆಗಿಂತ ಜಗಲಿಯೇ ಜಾಸ್ತಿ ಕೆಲಸಕ್ಕೆ ಬಂತು.

ಕಾಯಿಲೆಯ ಬಗ್ಗೆ ಸ್ವಲ್ಪ

ಮಂಗನ ಕಾಯಿಲೆಗೂ ಕೆನ್ನೆ ಊದಿಸುವ ಮಂಗನ ಬಾವಿಗೂ ಸಂಬಂಧ ಇಲ್ಲ. ಬಯಲುಸೀಮೆಯ ನನ್ನ ಸ್ನೇಹಿತರು ಈಗಲೂ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಇದು ಕ್ಯಾಸನೂರು ಕಾಡಿನ ಕಾಯಿಲೆ, ಕೆ.ಎಫ್.ಡಿ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದು ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. 1957ರಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರು. ಮಂಗ ಸಾಯುತ್ತಿದ್ದುದನ್ನು ಕಂಡು, ಹಳದಿ ಜ್ವರ ಭಾರತಕ್ಕೂ ಬಂತೇನೋ ಅಂತ ಮೊದಲು ಹೆದರಿದ್ದರು. ಕೊನೆಗೆ ಸಿಕ್ಕಿದ್ದು ಅಲ್ಲಿಯವರೆಗೆ ಯಾರೂ ಕಾಣದಿದ್ದ ವೈರಸ್. ಬಹಳ ವರ್ಷ ಇದು ನಮ್ಮ ಮಲೆನಾಡು, ಕರಾವಳಿಯ ಗೋಳು ಮಾತ್ರ ಆಗಿತ್ತು. 2012ರಲ್ಲಿ ಬಂಡೀಪುರದಲ್ಲಿ ಕಾಣಿಸಿಕೊಂಡಿತು. ಆಮೇಲೆ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಜನರಿಗೆ ಬಂತು.

ಹೆಸರಲ್ಲಿ ಮಂಗ ಇದ್ದರೂ ಕಚ್ಚುವುದು ಉಣುಗು. ಕೆಲವು ಕಡೆ ಉಣ್ಣೆ ಅನ್ನುತ್ತಾರೆ. ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪೈನಿಜೆರಾ ಅನ್ನುವ ಜಾತಿಯದು. ಇದರ ಬದುಕು ಗೊತ್ತಾದರೆ ಮುಂದಿನ ಕಥೆ ಅರ್ಥವಾಗುತ್ತದೆ. ಮೊಟ್ಟೆಯಿಂದ ಬಂದ ಆರು ಕಾಲಿನ ಸಣ್ಣ ಮರಿ ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಿಂದ ಡಿಸೆಂಬರ್ ತನಕ, ಇಲಿ, ಮೂಗಿಲಿ, ನೆಲದ ಹಕ್ಕಿ, ಮಂಗ ಹೀಗೆ ಸಿಕ್ಕಿದ್ದರ ರಕ್ತ ಕುಡಿಯುತ್ತದೆ. ಕುಡಿದು ನೆಲಕ್ಕೆ ಬಿದ್ದು, ತರಗೆಲೆಯ ಕೆಳಗೆ ಕೆಲವು ವಾರ ಇದ್ದು, ಪೊರೆ ಕಳಚಿ ಎಂಟು ಕಾಲಿನ ದೊಡ್ಡ ಮರಿ ಆಗುತ್ತದೆ. ಮನುಷ್ಯನಿಗೆ ಕಚ್ಚುವುದು ಜಾಸ್ತಿ ಈ ಎಂಟು ಕಾಲಿನ ಮರಿಯೇ. ಇದರ ಕಾಲ ಡಿಸೆಂಬರಿನಿಂದ ಮೇ. ಬಲಿತ ಉಣುಗು ಮಳೆ ಶುರುವಾದ ಮೇಲೆ ದನಗಳನ್ನು ಹಿಡಿಯುತ್ತದೆ. ಒಂದೊಂದು ಹಂತಕ್ಕೆ ಒಂದೇ ಊಟ. ಊಟ ಮುಗಿದರೆ ಉದುರುತ್ತದೆ.

ಮುಸಿಯಕ್ಕೋ (ಕಪ್ಪು ಮುಖದ, ಉದ್ದ ಬಾಲದ ಕೋತಿ) ಮಂಗಕ್ಕೋ ವೈರಸ್ ತಗಲಿದರೆ ಅದರ ರಕ್ತದಲ್ಲಿ ವೈರಸ್ ತುಂಬಿಕೊಳ್ಳುತ್ತದೆ. ಸತ್ತು ಮೈ ತಣ್ಣಗಾದಾಗ ಮೈಮೇಲಿನ ಉಣುಗುಗಳೆಲ್ಲ ಇಳಿದು ಅಲ್ಲೇ ಸುತ್ತ ಸೇರಿಕೊಳ್ಳುತ್ತವೆ. ಹಾಗಾಗಿ ಮಂಗ ಸತ್ತ ಜಾಗ ತಿಂಗಳುಗಟ್ಟಲೆ ಅಪಾಯದ್ದು. ಸತ್ತ ಜಾಗದ ಸುತ್ತ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಹಾಕುವುದು ಇದಕ್ಕೇ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ.

ಲಸಿಕೆ ಒಂದಿತ್ತು. ಅದರ ಶಕ್ತಿ ಸಾಲದು ಅಂತ 2022ರಲ್ಲಿ ಕೊಡುವುದು ನಿಂತಿತು. ನಮ್ಮ ಪ್ರಕರಣ ಅದರ ನಂತರದ್ದು. ಅಂದರೆ ಕೈಯಲ್ಲಿ ಇದ್ದದ್ದು ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ತೈಲ, ಪುಡಿ, ಮತ್ತೆ ಬೇಗ ಪತ್ತೆ ಮಾಡುವ ಜಾಣತನ ಅಷ್ಟೇ.

ಡಿಸೆಂಬರಿನ ಮುಸಿಯ

ಡಿಸೆಂಬರ್ ಮಧ್ಯದಲ್ಲಿ, ಊರಿನಿಂದ ಸುಮಾರು ನಾಲ್ಕು ಕಿಲೋಮೀಟರ್ ದೂರದ ಒಂದು ಇಳಿಜಾರಿನಲ್ಲಿ ಸತ್ತ ಮುಸಿಯ ಸಿಕ್ಕಿತು. ಕಂಡದ್ದು ಸೌದೆಗೆ ಹೋದವರಿಗೆ. ನಮಗೆ ತಿಳಿಯುವಾಗ ಇನ್ನೂ ಮೂರು ದಿನ ಕಳೆದಿತ್ತು. ಹೋಗಿ ನೋಡಿದರೆ ಕೊಳೆತು ಹೋಗಿದೆ. ಸತ್ತು ವಾರದ ಮೇಲಾಗಿರಬಹುದು. ನಮ್ಮ ಜೊತೆಗಿದ್ದ ಪಶುವೈದ್ಯರು ಸಿಕ್ಕಷ್ಟು ಮಾದರಿ ತೆಗೆದು ಕಳಿಸಿದರು. ಶವ ಸುಟ್ಟೆವು.

ವರದಿ ಬಂತು: ನೆಗೆಟಿವ್.

ಕೊಳೆತ ಮಾದರಿಯಲ್ಲಿ ವೈರಸ್ ಸಿಗಲಿಲ್ಲ ಅಂದರೆ ಏನೂ ಹೇಳಲು ಆಗುವುದಿಲ್ಲ ಅಂತ ಅರ್ಥ. ಇದು ನನಗೂ ಗೊತ್ತಿತ್ತು, ಪಶುವೈದ್ಯರಿಗೂ ಗೊತ್ತಿತ್ತು. ಆದರೆ ಆ ಒಂದು ಪದ ಕಚೇರಿಯಿಂದ ಕಚೇರಿಗೆ ಹೋಗುವಷ್ಟರಲ್ಲಿ "ಅಲ್ಲಿ ಕಾಯಿಲೆ ಇಲ್ಲವಂತೆ" ಅಂತ ಆಯಿತು. ಪುಡಿಯ ದಾಸ್ತಾನು ಕಡಿಮೆ ಇತ್ತು, ಬೇರೆ ಕಡೆ ಪಾಸಿಟಿವ್ ಬಂದ ಜಾಗಗಳಿದ್ದವು. ಈ ಇಳಿಜಾರಿಗೆ ಪುಡಿ ಹಾಕಲಿಲ್ಲ. ಆಗ ನಾನು ಫೋನ್ ಎತ್ತಿ "ಹಾಕಲೇಬೇಕು" ಅಂತ ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ವರದಿ ಕೈಯಲ್ಲಿದ್ದಾಗ ವಾದ ಮಾಡಲು ಒಂಥರಾ ಮುಜುಗರ. ನನ್ನ ಮೊದಲ ತಪ್ಪು ಇದು.

ಹಿತ್ತಲು ದಾಟದ ಹೆಂಗಸು

ಫೆಬ್ರವರಿ ಮೊದಲ ವಾರ ಊರಿನ ಐವತ್ತು ದಾಟಿದ ಹೆಂಗಸೊಬ್ಬರಿಗೆ ಇದ್ದಕ್ಕಿದ್ದಂತೆ ಜೋರು ಜ್ವರ. ಹಣೆ ಸಿಡಿಯುವ ತಲೆನೋವು, ಸೊಂಟ ಕಾಲು ಮುರಿದ ಹಾಗೆ ನೋವು, ಕೆಂಪು ಕಣ್ಣು. ಅವರನ್ನು ಇಲ್ಲಿ ದೊಡ್ಡಮ್ಮ ಅಂತ ಕರೆಯುತ್ತೇನೆ, ಊರಲ್ಲಿ ಅರ್ಧ ಜನ ಹಾಗೇ ಕರೆಯುವುದು. ಹತ್ತಿರದ ಆಸ್ಪತ್ರೆಯಲ್ಲಿ ಮೊದಲ ಪ್ರಶ್ನೆ ಕೇಳಿದರು: "ಕಾಡಿಗೆ ಹೋಗಿದ್ರಾ?"

"ಎಂತ ಕಾಡು ಮಾರಾಯ್ರೆ! ಈ ಮಂಡಿ ಇಟ್ಕೊಂಡು ಹಿತ್ತಲು ದಾಟಿದ್ರೆ ಹೆಚ್ಚು."

ಅಲ್ಲಿಗೆ ಮಂಗನ ಕಾಯಿಲೆಯ ಅನುಮಾನ ಮುಗಿಯಿತು. ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿದಿತ್ತು, ಡೆಂಗಿ ಇರಬಹುದು ಅಂತ ಆ ಪರೀಕ್ಷೆ ಮಾಡಿದರು. ಡೆಂಗಿ ಅಲ್ಲ ಅಂತ ಬಂತು. ಐದನೇ ದಿನ ಅದೇ ಊರಿನ ಇನ್ನೊಂದು ಮೂಲೆಯ ಹುಡುಗಿಗೆ ಇದೇ ಥರ ಜ್ವರ ಬಂತು. ಪಿಯುಸಿ ಓದುವವಳು. ಆಗ ಊರಿನ ಆಶಾ ಕಾರ್ಯಕರ್ತೆಗೆ ಯಾಕೋ ಸಮಾಧಾನ ಆಗಲಿಲ್ಲ. ಅವರೇ ಹಟ ಮಾಡಿ ಇಬ್ಬರ ರಕ್ತವನ್ನೂ ಕೆ.ಎಫ್.ಡಿ. ಪರೀಕ್ಷೆಗೆ ಕಳಿಸಿದರು. ಎರಡೂ ಪಾಸಿಟಿವ್. ಅದರ ಬೆನ್ನಿಗೇ ಮೂರನೆಯವರು, ಅಂಗಡಿ ಇಟ್ಟುಕೊಂಡಿದ್ದ ಗಂಡಸು.

ಈ ವೈರಸ್ಸಿಗೆ ಗುರಿಯಿಟ್ಟ ಔಷಧಿ ಇಲ್ಲ. ಆದರೂ ದಿನ ಕಳೆಯುವುದು ಸಣ್ಣ ವಿಷಯ ಅಲ್ಲ. ರಕ್ತಸ್ರಾವ ಆಗುತ್ತಿದೆಯಾ, ನೀರಿನಂಶ ಸರಿಯಿದೆಯಾ ಅಂತ ನೋಡಿಕೊಳ್ಳಬೇಕು, ರಕ್ತಸ್ರಾವ ಹೆಚ್ಚಿಸುವಂಥ ನೋವಿನ ಮಾತ್ರೆ ಕೊಡದೆ ಇರಬೇಕು. ಗೊತ್ತಾದರೆ ತಾನೇ ಇದೆಲ್ಲ?

ಮೂವರೂ ಕಾಡಿಗೆ ಹೋದವರಲ್ಲ. ದನ ಮೇಯಿಸುವವರಲ್ಲ, ಸೌದೆ ತರುವವರಲ್ಲ. ನಾನು ಆ ಊರಿಗೆ ಹೋದದ್ದು ಈ ಹಂತದಲ್ಲಿ.

ನಕ್ಷೆಯ ಮೇಲೆ ಮೂರು ಚುಕ್ಕಿ

ನಮ್ಮ ಮೊದಲ ಕೆಲಸ ಯಾವಾಗಲೂ ಒಂದೇ. ಮನೆಗಳನ್ನು ನಕ್ಷೆಯಲ್ಲಿ ಗುರುತು ಮಾಡು, ಕಾಡಿನ ಅಂಚು ಎಷ್ಟು ದೂರ ನೋಡು, ಮಂಗ ಸತ್ತ ಜಾಗಕ್ಕೆ ಗೆರೆ ಎಳೆ. ಹಳೆಯ ಅನುಭವ ಎಲ್ಲ ಕಾಡಿನ ಅಂಚಿನ ಕಡೆಗೇ ಬೆರಳು ಮಾಡುತ್ತದೆ. 1960ರ ದಶಕದಲ್ಲಿ ಇಲ್ಲಿ ಕೆಲಸ ಮಾಡಿದ ವಿಜ್ಞಾನಿ ಹೋರ್ಹೆ ಬೋಶೆಲ್, ಕಾಡು ಕಡಿದು ಊರು ಒಳಗೆ ಹೋದ ಹಾಗೆ, ಅಲ್ಲಿ ದನ ಮೇದ ಹಾಗೆ ಉಣುಗು ಹೆಚ್ಚಾಗುತ್ತದೆ ಅಂತ 1969ರಲ್ಲೇ ಬರೆದಿದ್ದರು. ದನದಿಂದ ಉಣುಗಿಗೆ ವೈರಸ್ ಅಷ್ಟಾಗಿ ದಾಟುವುದಿಲ್ಲ. ಆದರೆ ಬಲಿತ ಉಣುಗಿಗೆ ದನವೇ ಹಬ್ಬದೂಟ. 1982-83ರಲ್ಲಿ ಬೆಳ್ತಂಗಡಿ ಕಡೆ ಕಾಡು ಕಡಿದು ಗೇರು ನೆಡಲು ಹೊರಟಾಗ ದೊಡ್ಡದಾಗಿ ಕಾಯಿಲೆ ಎದ್ದದ್ದು ಹಳಬರಿಗೆ ನೆನಪಿದೆ.

ಇಲ್ಲಿ ನಮ್ಮ ಮೂರು ಚುಕ್ಕಿ ಯಾವ ಗೆರೆಗೂ ಕೂರಲಿಲ್ಲ. ಒಂದು ಮನೆ ಕಾಡಿನ ಪಕ್ಕ, ಇನ್ನೊಂದು ಗದ್ದೆ ಬಯಲಿನ ನಡುವೆ, ಮೂರನೆಯದು ಟಾರು ರಸ್ತೆ ಬದಿ. ಕಾಡಿನ ಪಕ್ಕದ ಉಳಿದ ಆರೇಳು ಮನೆಯಲ್ಲಿ ಒಬ್ಬರಿಗೂ ಜ್ವರ ಇಲ್ಲ. ಎರಡು ದಿನ ಕಾಡಿನ ಅಂಚಿನಲ್ಲಿ, ಕಾಲುದಾರಿಯಲ್ಲಿ ಬಿಳಿ ಫ್ಲಾನಲ್ ಬಟ್ಟೆ ಎಳೆದೆವು. ಉಣುಗು ಹಾರುವುದಿಲ್ಲ, ನೆಗೆಯುವುದಿಲ್ಲ. ಎಲೆಯ ತುದಿಗೆ ಹತ್ತಿ ಮುಂಗಾಲು ಚಾಚಿ ಕಾಯುತ್ತದೆ. ಆ ಮುಂಗಾಲಲ್ಲೇ ಉಸಿರಿನ ವಾಸನೆ ಹಿಡಿಯುವ ಅಂಗ ಇದೆ. ಬಟ್ಟೆ ತಾಗಿದರೆ ಪ್ರಾಣಿ ಅಂತ ಹಿಡಿದುಕೊಳ್ಳುತ್ತದೆ. ಎರಡು ದಿನಕ್ಕೆ ಸಿಕ್ಕಿದ್ದು ಬೆರಳೆಣಿಕೆ.

ಈ ಎರಡು ದಿನವೂ ನಮ್ಮ ಜೊತೆ ಅರಣ್ಯ ಇಲಾಖೆಯ ಗಾರ್ಡ್ ಒಬ್ಬರಿದ್ದರು. ಮಂಗ ಸತ್ತರೆ ಅವರಿಗೆ ತಿಳಿಸುವುದು ರೂಢಿ, ದಾರಿ ಗೊತ್ತಿರುವವರೂ ಅವರೇ, ಒಳ್ಳೆಯ ಮನುಷ್ಯ ಕೂಡ. ಮನೆಗಳಿಗೆ ಹೋದಾಗಲೂ ಅವರು ಜೊತೆಗೆ ಬಂದರು. ಯೂನಿಫಾರ್ಮಿನಲ್ಲಿ. ನನಗದು ಏನೂ ಅನಿಸಲಿಲ್ಲ. ಮನೆಮನೆಯಲ್ಲೂ ನಮ್ಮ ಪ್ರಶ್ನೆಗೆ ಚುಟುಕು ಉತ್ತರ. "ಇಲ್ಲ." "ಹೋಗಿಲ್ಲ." "ಅದೆಲ್ಲ ನಮಗೆ ಗೊತ್ತಿಲ್ಲ." ಮಲೆನಾಡಿನವರು ಇಷ್ಟು ಕಡಿಮೆ ಮಾತಾಡಿದರೆ ಅಲ್ಲಿ ಏನೋ ಇದೆ ಅಂತ ನನಗೆ ಹೊಳೆಯಬೇಕಿತ್ತು.

ಮೂರನೇ ದಿನ ಗಾರ್ಡಿಗೆ ಬೇರೆ ಕೆಲಸ ಬಿತ್ತು. ಅವರು ಬರಲಿಲ್ಲ. ಆಶಾ ಅಕ್ಕ, ನಾನು ಇಬ್ಬರೇ ದೊಡ್ಡಮ್ಮನ ಮನೆಗೆ ಹೋದೆವು. ದೊಡ್ಡಮ್ಮ ಇನ್ನೂ ಆಸ್ಪತ್ರೆಯಲ್ಲಿದ್ದರು. ಸೊಸೆ ಚಾ ಕೊಟ್ಟು ಹೊಸ್ತಿಲಲ್ಲಿ ಕೂತಳು. ಮಾತಾಡುತ್ತಾ ಒಂದೇ ಸಮನೆ ಮಂಡಿಯ ಹಿಂದೆ ಕೆರೆದುಕೊಳ್ಳುತ್ತಿದ್ದಳು. ಆಶಾ ಅಕ್ಕ "ತೋರ್ಸು ನೋಡೋಣ" ಅಂದರು.

ಎಳ್ಳಿಗಿಂತ ಚಿಕ್ಕ ಕಂದು ಚುಕ್ಕಿ. ಮಚ್ಚೆಯೇ ಅನ್ನಬೇಕು. ನನ್ನ ಕೈಮಸೂರ ಹಿಡಿದು ನೋಡಿದರೆ ಮಚ್ಚೆಗೆ ಎಂಟು ಕಾಲು. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆದೆ. ಡಬ್ಬಿಗೆ ಹಾಕಿದ ಮೇಲೂ ಮುಂಗಾಲು ಎತ್ತಿ ಗಾಳಿ ತಡಕುತ್ತಿತ್ತು.

"ನೀನು ಕಾಡಿಗೆ ಹೋಗಿದ್ಯಾ?"

"ಇಲ್ಲಕ್ಕ. ಬೆಳಿಗ್ಗೆ ಕೊಟ್ಟಿಗೆಗೆ ದರಕು ಹಾಸಿದ್ದೆ, ಅಷ್ಟೇ."

ದರಕು

ದರಕು ಅಂದರೆ ಕಾಡಿನ ಒಣ ತರಗೆಲೆ. ಜನವರಿಯಿಂದ ಎಲೆ ಉದುರುವ ಹೊತ್ತಿಗೆ ಗುಡಿಸಿ, ಹೆಡಿಗೆ ತುಂಬಿ ತರುತ್ತಾರೆ. ದನದ ಕೊಟ್ಟಿಗೆಗೆ ಹಾಸುತ್ತಾರೆ, ಅದು ಸಗಣಿ ಗಂಜಲದ ಜೊತೆ ಕಲೆತು ಗೊಬ್ಬರಗುಂಡಿಗೆ ಹೋಗಿ, ಅಲ್ಲಿಂದ ಅಡಿಕೆ ತೋಟಕ್ಕೆ ಹೋಗುತ್ತದೆ. ವರ್ಷಕ್ಕಾಗುವಷ್ಟು ದರಕು ಹಿತ್ತಲಲ್ಲಿ ರಾಶಿ ಹಾಕಿಟ್ಟುಕೊಳ್ಳದ ತೋಟಿಗರ ಮನೆ ಕಡಿಮೆ. ದರಕು ಗುಡಿಸುವ ತಿಂಗಳು, ಉಣುಗಿನ ದೊಡ್ಡ ಮರಿಗಳ ತಿಂಗಳು ಎರಡೂ ಒಂದೇ.

ಹಾಗಂತ ಇದು ಯಾರಿಗೂ ಗೊತ್ತಿಲ್ಲದ ಸಂಗತಿ ಅಲ್ಲ. ಮಂಗ ಸತ್ತ ಕಡೆಯಿಂದ ಎಲೆ ತಂದು ಕೊಟ್ಟಿಗೆಗೆ ಹಾಸಬೇಡಿ ಅಂತ ಆರೋಗ್ಯ ಇಲಾಖೆ ಬಹಳ ಹಿಂದಿನಿಂದ ಹೇಳುತ್ತಲೇ ಇದೆ. ನಾನೂ ಎಷ್ಟೋ ಸಭೆಯಲ್ಲಿ ಆ ಸಾಲು ಓದಿದ್ದೇನೆ. ಓದುವುದು ಬೇರೆ, ಕಣ್ಣೆದುರಿನ ರಾಶಿಯನ್ನು ರಾಶಿ ಅಂತ ನೋಡುವುದು ಬೇರೆ. ಎರಡು ದಿನದಿಂದ ಆ ರಾಶಿಯ ಪಕ್ಕದಲ್ಲೇ ನಮ್ಮ ಜೀಪು ನಿಲ್ಲಿಸುತ್ತಿದ್ದೆವು!

ಬಟ್ಟೆಯನ್ನು ರಾಶಿಯ ಮೇಲೆ ಹಾಸಿ ನಿಧಾನಕ್ಕೆ ಎಳೆದೆವು. ಬಿಳಿ ಬಟ್ಟೆಯ ಮೇಲೆ ಕಸದ ಚೂರುಗಳು. ಒಂದು ನಿಮಿಷ ಸುಮ್ನೆ ನೋಡುತ್ತಾ ಕೂತರೆ ಅದರಲ್ಲಿ ಕೆಲವು ನಡೆಯಲು ಶುರು ಮಾಡುತ್ತವೆ. ಆ ರಾಶಿಯಲ್ಲಿ ಒಂಬತ್ತು, ಹುಡುಗಿಯ ಮನೆಯ ರಾಶಿಯಲ್ಲಿ ಐದು.

ಈ ದರಕು ಎಲ್ಲಿಂದ ಬಂತು? ದೊಡ್ಡಮ್ಮನ ಮನೆಯವರು ಗುಡಿಸಿದ್ದಲ್ಲ. ಆಳು ಸಿಗುವುದಿಲ್ಲ, ಈಗ ಪಿಕಪ್ಪಿನಲ್ಲಿ ಲೋಡು ಲೆಕ್ಕದಲ್ಲಿ ತರಿಸುತ್ತಾರೆ. ಅಂಗಡಿಯವರೂ ಅದನ್ನೇ ತರಿಸಿದ್ದರು. ಲೋಡು ಬಂದದ್ದು ಕಾಯ್ದಿಟ್ಟ ಕಾಡಿನಿಂದ. ಗಾರ್ಡಿನ ಎದುರು ಎಲ್ಲರೂ ಬಾಯಿ ಹೊಲಿದುಕೊಂಡದ್ದು ಯಾಕೆ ಅಂತ ಆಗ ಅರ್ಥವಾಯಿತು.

ಉದ್ರಿ ಪುಸ್ತಕ

ಪಿಕಪ್ಪಿನ ಡ್ರೈವರ್ ಪಕ್ಕದ ಊರಿನ ಯುವಕ. ಆಶಾ ಅಕ್ಕನಿಗೆ ದೂರದ ಸಂಬಂಧ. ಅವನನ್ನು ಹೇಗೆ ಮಾತಾಡಿಸುವುದು ಅನ್ನುವುದೇ ಈ ಪ್ರಕರಣದ ದೊಡ್ಡ ತಿರುವು ಅಂತ ನನಗೆ ಈಗಲೂ ಅನಿಸುತ್ತದೆ. ನಮ್ಮ ತಂಡದಲ್ಲಿ ಎರಡು ಅಭಿಪ್ರಾಯ ಬಂತು. ಇಲಾಖೆಗಳಿಗೆಲ್ಲ ತಿಳಿಸಿ ಅಧಿಕೃತವಾಗಿ ಕರೆಸೋಣ, ಬೇಗ ಕೆಲಸ ಆಗುತ್ತದೆ ಅಂದರು ಒಬ್ಬರು. ಹಾಗೆ ಮಾಡಿದರೆ ಅವನ ಮೇಲೆ ಕೇಸು ಬೀಳುತ್ತದೆ, ಮುಂದೆ ಯಾರೂ ನಮ್ಮ ಹತ್ತಿರ ಬಾಯಿ ಬಿಡುವುದಿಲ್ಲ ಅಂದರು ಪಶುವೈದ್ಯರು. ನಾನು ಎರಡನೆಯದಕ್ಕೆ ಒಪ್ಪಿದೆ. ಅವನ ಹೆಸರು ನಮ್ಮ ಯಾವ ವರದಿಯಲ್ಲೂ ಬರುವುದಿಲ್ಲ ಅಂತ ಮೊದಲೇ ಮಾತು ಕೊಟ್ಟು, ಆಶಾ ಅಕ್ಕನ ಮನೆಯಲ್ಲಿ ಭೇಟಿ ಮಾಡಿದೆವು.

ಅವನು ಬಹಳ ಹೊತ್ತು ನೆಲ ನೋಡುತ್ತಾ ಕೂತಿದ್ದ. "ಅಕ್ಕ, ದೊಡ್ಡಮ್ಮಂಗೆ ನನ್ನಿಂದಲೇ ಹಿಂಗಾಯ್ತಾ?" ಅಂತ ಆಶಾ ಅಕ್ಕನನ್ನು ಕೇಳಿದ. ಅವರು "ನಿಂಗೇನು ಗೊತ್ತಿತ್ತಾ ಮಾರಾಯ? ಈಗ ಹೇಳು, ಉಳಿದವರಾದ್ರೂ ಉಳೀತಾರೆ" ಅಂದರು. ಆಗ ಜೇಬಿನಿಂದ ಒಂದು ಪುಸ್ತಕ ತೆಗೆದ.

ಉದ್ರಿ ಪುಸ್ತಕ. ಮೂಲೆ ಮಡಿಚಿ ಎಣ್ಣೆ ಕಲೆ ಆಗಿತ್ತು. ಯಾರ ಮನೆಗೆ ಯಾವ ದಿನ ಎಷ್ಟು ಲೋಡು, ಎಷ್ಟು ಬಾಕಿ ಅಂತ ಪೆನ್ಸಿಲಿನಲ್ಲಿ ಬರೆದಿದ್ದ. ಲೋಡು ಎಲ್ಲಿಯದು ಅನ್ನುವುದಕ್ಕೂ ಅವನದೇ ಗುರುತು ಇತ್ತು, ದೂರದ ಜಾಗಕ್ಕೆ ಬಾಡಿಗೆ ಜಾಸ್ತಿ ಅಲ್ವಾ, ಅದಕ್ಕೆ. ಮುಸಿಯ ಸತ್ತ ಆ ಇಳಿಜಾರಿನಿಂದ ಜನವರಿ ಕೊನೆಯ ವಾರ ಹನ್ನೊಂದು ಮನೆಗೆ ದರಕು ಹೋಗಿತ್ತು. ನಮ್ಮ ಮೂರೂ ರೋಗಿಗಳ ಮನೆ ಆ ಹನ್ನೊಂದರಲ್ಲಿ ಇತ್ತು. ನನ್ನ ನಕ್ಷೆಯಲ್ಲಿ ಅಡ್ಡಾದಿಡ್ಡಿ ಬಿದ್ದಿದ್ದ ಚುಕ್ಕಿಗಳು ಅವನ ಪುಸ್ತಕದ ಎರಡು ಪುಟದಲ್ಲಿ ಸಾಲಾಗಿ ಕೂತಿದ್ದವು.

ಇನ್ನೊಂದು ವಿಷಯ ಅವನೇ ಹೇಳಿದ. ದರಕು ಗುಡಿಸಿದ ಇಬ್ಬರು ಹೆಂಗಸರಲ್ಲಿ ಒಬ್ಬಾಕೆಗೆ ಜ್ವರ ಬಂದು ತವರಿಗೆ ಹೋಗಿದ್ದಾಳೆ. ತವರು ಬೇರೆ ತಾಲೂಕು. ಅಲ್ಲಿ ಹೋಗಿ ವಿಚಾರಿಸಿದರೆ ಜ್ವರ ಬಿಟ್ಟು ಎದ್ದಿದ್ದರು, ಸುಸ್ತು ಮಾತ್ರ ಹೋಗಿರಲಿಲ್ಲ. ರಕ್ತದಲ್ಲಿ ಐಜಿಎಂ ಅನ್ನುವ ಪ್ರತಿಕಾಯ ಸಿಕ್ಕಿತು, ಅಂದರೆ ಇತ್ತೀಚೆಗೆ ಬಂದು ಹೋಗಿದೆ. ಎಲ್ಲರಿಗಿಂತ ಮೊದಲು ಜ್ವರ ಬಂದದ್ದು ಆಕೆಗೇ. ಊರಿನ ಪಟ್ಟಿಯಲ್ಲಿ ಆಕೆಯ ಹೆಸರು ಇರಲಿಲ್ಲ, ತವರಿನ ಪಟ್ಟಿಯಲ್ಲೂ ಇರಲಿಲ್ಲ. ಕೂಲಿಗೆ ಬಂದು ಹೋಗುವವರು ಹೀಗೆ ಎರಡು ತಾಲೂಕಿನ ನಡುವೆ ಕಾಣೆಯಾಗುತ್ತಾರೆ.

ರಾಶಿಯನ್ನು ಏನು ಮಾಡುವುದು?

ಹನ್ನೊಂದು ಮನೆ ಗೊತ್ತಾಯಿತು. ಒಂದು ಮನೆಯಲ್ಲಿ ಆಗಲೇ ದರಕು ಖಾಲಿ. ಹತ್ತು ರಾಶಿ ಉಳಿದವು.

ಸುಟ್ಟುಬಿಡಿ ಅಂದರು ಕೆಲವರು. ಹೇಳುವುದು ಸುಲಭ. ಅದು ಆ ಮನೆಯ ಇಡೀ ವರ್ಷದ ಗೊಬ್ಬರ, ದುಡ್ಡು ಕೊಟ್ಟು ತಂದದ್ದು. ಅದೂ ಅಲ್ಲದೆ ಫೆಬ್ರವರಿಯ ಬಿಸಿಲಲ್ಲಿ ಮನೆ ಹಿತ್ತಲಲ್ಲಿ ಅಷ್ಟು ದೊಡ್ಡ ಬೆಂಕಿ ಹಾಕುವ ಧೈರ್ಯ ಯಾರಿಗಿದೆ? ರಾಶಿಗೇ ಮೆಲಾಥಿಯಾನ್ ಹಾಕೋಣ ಅಂದರೆ ಪಶುವೈದ್ಯರು ಬೇಡ ಅಂದರು. ದನ ಅದರ ಮೇಲೆ ಮಲಗುತ್ತದೆ, ಬಾಯಿ ಹಾಕುತ್ತದೆ. ಬೇರೆ ಕಡೆ ಸಾಗಿಸೋಣ ಅಂದರೆ ಸಾಗಿಸುವವರಿಗೆ ಕಚ್ಚುತ್ತದೆ.

ಕೊನೆಗೆ ಒಂದು ಅರೆಬರೆ ದಾರಿ ಹಿಡಿದೆವು. ಮಳೆ ಬರುವವರೆಗೆ ರಾಶಿ ಮುಟ್ಟಬೇಡಿ, ಸುತ್ತ ಬೇಲಿ ಕಟ್ಟಿ ಮಕ್ಕಳು, ಕೋಳಿ, ನಾಯಿ ಹೋಗದ ಹಾಗೆ ಮಾಡಿ. ಬೇಲಿಯ ಹೊರಗೆ ಪುಡಿ ನಾವು ಹಾಕುತ್ತೇವೆ. ಅಲ್ಲಿಯವರೆಗೆ ಕೊಟ್ಟಿಗೆಗೆ ಭತ್ತದ ಹುಲ್ಲು, ಅಡಿಕೆ ಸೋಗೆ, ಅಡಿಕೆ ಸಿಪ್ಪೆ ಹಾಸಿ. ದನಗಳಿಗೆ ಉಣುಗಿನ ಔಷಧಿ ಪಶುವೈದ್ಯರು ಕೊಡುತ್ತಾರೆ. ಮುಸಿಯ ಸತ್ತ ಇಳಿಜಾರಿಗೆ ಪುಡಿ ಹಾಕಿಸಿದೆವು, ಎರಡು ತಿಂಗಳು ತಡವಾಗಿ.

ತೈಲದ ವಿಷಯದಲ್ಲಿ ಕಲಿತದ್ದು ಬೇರೆಯದೇ. ಡೆಪಾ ತೈಲದ ಬಾಟಲಿ ಎಲ್ಲ ಮನೆಯಲ್ಲೂ ಇತ್ತು. ಕೊಟ್ಟದ್ದು "ಕಾಡಿಗೆ ಹೋಗುವವರು ಹಚ್ಚಿಕೊಳ್ಳಿ" ಅಂತ. ಹಾಗಾಗಿ ಅದು ಗಂಡಸರ ಅಂಗಿ ಗೂಟದ ಪಕ್ಕ ಕೂತಿತ್ತು. ಕೊಟ್ಟಿಗೆ ಕೆಲಸ ಮಾಡುವ ಹೆಂಗಸರಿಗೆ ಅದು ತಮಗೆ ಅಂತ ಅನಿಸಿಯೇ ಇರಲಿಲ್ಲ. ಹಚ್ಚಿಕೊಳ್ಳಿ ಅಂದರೆ ಸೊಸೆ ಕೇಳಿದಳು, "ಹಚ್ಚಿದ ಕೈಯಲ್ಲೇ ರೊಟ್ಟಿ ತಟ್ಟೋದಾ?" ನ್ಯಾಯವಾದ ಪ್ರಶ್ನೆ. ಕೊಟ್ಟಿಗೆ ಕೆಲಸವನ್ನು ಅಡಿಗೆಗೆ ಮೊದಲು ಮಾಡುವ ಬದಲು ನಂತರ ಮಾಡುವುದು, ಕೈಗಿಂತ ಕಾಲಿಗೆ ಹಚ್ಚುವುದು, ಕೆಲಸ ಮುಗಿದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ ಅಂತ ಆಶಾ ಅಕ್ಕ, ಸೊಸೆ ಇಬ್ಬರೂ ಕೂತು ಹೊಂದಿಸಿದರು. ನಾನು ಬರೀ ಕೇಳಿಸಿಕೊಂಡೆ.

ಏನಾಯಿತು

ಹತ್ತರಲ್ಲಿ ಎಂಟು ಮನೆಯವರು ರಾಶಿ ಬಿಟ್ಟರು. ಇಬ್ಬರು ಒಪ್ಪಲಿಲ್ಲ. "ಹುಲ್ಲಿಗೆ ದುಡ್ಡು ನೀವು ಕೊಡ್ತೀರಾ?" ಅಂತ ಕೇಳಿದರು. ನಮ್ಮ ಹತ್ತಿರ ಅದಕ್ಕೆ ಹಣ ಇರಲಿಲ್ಲ, ಯಾವ ಇಲಾಖೆಯ ಲೆಕ್ಕಕ್ಕೂ ಅದು ಬರುವುದಿಲ್ಲ. ಭತ್ತ ಬೆಳೆಯುವವರು ಕಡಿಮೆಯಾಗಿ ಹುಲ್ಲು ದುಬಾರಿ ಆಗಿತ್ತು ಅನ್ನುವುದೂ ನಿಜ.

ಆಮೇಲೆ ಇನ್ನಿಬ್ಬರಿಗೆ ಜ್ವರ ಬಂತು. ಒಬ್ಬರು ಒಪ್ಪದ ಮನೆಯವರು. ಇನ್ನೊಬ್ಬರು ಒಪ್ಪಿದ ಮನೆಯವರೇ, ರಾಶಿ ಬಿಟ್ಟ ನಾಲ್ಕನೇ ದಿನ. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜ್ವರ ಬರುವ ಕಾಯಿಲೆ ಇದು. ಹಾಗಾಗಿ ಅದಕ್ಕೆ ಮೊದಲೇ ಕಚ್ಚಿರಬಹುದು. ಇಬ್ಬರ ರಕ್ತವೂ ಮೊದಲ ದಿನವೇ ಪರೀಕ್ಷೆಗೆ ಹೋಯಿತು. ದರಕು ತಂದ ಮನೆಗಳ ಪಟ್ಟಿ ಆಸ್ಪತ್ರೆಯ ಮೇಜಿನ ಮೇಲಿತ್ತು. ಗುಡಿಸಿದಾಕೆಯೂ ಸೇರಿ ಒಟ್ಟು ಆರು ಜನ. ಯಾರೂ ಸಾಯಲಿಲ್ಲ.

ದೊಡ್ಡಮ್ಮನದು ಮಾತ್ರ ಸುಲಭಕ್ಕೆ ಮುಗಿಯಲಿಲ್ಲ. ಜ್ವರ ಬಿಟ್ಟು ಮನೆಗೆ ಬಂದು ಹತ್ತು ದಿನ ಚೆನ್ನಾಗಿದ್ದರು. ಮತ್ತೆ ಜ್ವರ ಏರಿತು, ಕೈ ನಡುಗಿತು, ಮಗನನ್ನೇ "ನೀನ್ಯಾರು" ಅಂತ ಕೇಳಿದರು. ಈ ಕಾಯಿಲೆಯಲ್ಲಿ ಕೆಲವರಿಗೆ ಹೀಗೆ ಎರಡನೇ ಸುತ್ತು ಬರುತ್ತದೆ, ಮಿದುಳಿಗೆ ತಾಗುತ್ತದೆ. ಮೊದಲ ಸಲ ಬಿಡುಗಡೆ ಮಾಡುವಾಗ ಇದನ್ನು ಮನೆಯವರಿಗೆ ಯಾರೂ ಹೇಳಿರಲಿಲ್ಲ. ದೆವ್ವದ ಕಾಟ ಅಂತ ಒಂದು ದಿನ ಸುಮ್ಮನೆ ಕಳೆದರು. ಚೇತರಿಸಿಕೊಂಡರು, ಆದರೆ ಕೈ ನಡುಕ ಪೂರ್ತಿ ಹೋಗಲು ತಿಂಗಳುಗಳೇ ಹಿಡಿದವು.

ಇನ್ನು ಉಣುಗುಗಳ ಪರೀಕ್ಷೆ. ಇಳಿಜಾರಿನಲ್ಲಿ, ಮುಸಿಯ ಸತ್ತ ಜಾಗದ ಹತ್ತಿರ ಹಿಡಿದ ಮರಿಗಳ ಒಂದು ಗುಂಪಿನಲ್ಲಿ ವೈರಸ್ ಸಿಕ್ಕಿತು. ಹಿತ್ತಲ ರಾಶಿಯಲ್ಲಿ ಹಿಡಿದ ಹದಿನಾಲ್ಕರಲ್ಲಿ ಸಿಗಲಿಲ್ಲ. ಸೊಸೆಯ ಮಂಡಿಯ ಹಿಂದಿದ್ದುದರಲ್ಲೂ ಇಲ್ಲ. ಆಕೆಗೆ ಜ್ವರವೂ ಬರಲಿಲ್ಲ. ಅಂದರೆ ದರಕಿನಲ್ಲೇ ಕಾಯಿಲೆ ಮನೆಗೆ ಬಂತು ಅನ್ನುವುದಕ್ಕೆ ನನ್ನ ಹತ್ತಿರ ಪ್ರಯೋಗಾಲಯದ ಸಾಕ್ಷಿ ಇಲ್ಲ. ಇರುವುದು ಒಂದು ಉದ್ರಿ ಪುಸ್ತಕ, ಹನ್ನೊಂದು ಮನೆ, ಕಾಡಿಗೆ ಹೋಗದ ಐದು ರೋಗಿಗಳು. ಹಿತ್ತಲ ಇಲಿ, ಮೂಗಿಲಿಯಿಂದ ಬಂದಿರಬಾರದೇಕೆ ಅಂತ ಯಾರಾದರೂ ಕೇಳಿದರೆ, ಬಂದಿರಲಾರದು ಅಂತ ಖಡಾಖಂಡಿತ ಹೇಳಲಾರೆ. ಆದರೆ ದರಕು ತರಿಸದ ಯಾವ ಮನೆಯಲ್ಲೂ ಆ ವರ್ಷ ಒಂದು ಜ್ವರವೂ ಕಾಣಲಿಲ್ಲ.

ಆಮೇಲೆ ಬದಲಿಸಿದ್ದು

ನಮ್ಮ ತಂಡದ ಪ್ರಶ್ನೆಪಟ್ಟಿಯಲ್ಲಿ "ಕಾಡಿಗೆ ಹೋಗಿದ್ರಾ?" ಈಗಲೂ ಇದೆ, ಆದರೆ ಮೊದಲ ಪ್ರಶ್ನೆ ಅಲ್ಲ. "ಕಾಡಿನದು ಏನಾದರೂ ಮನೆಗೆ ಬಂತಾ? ದರಕು, ಸೌದೆ, ಸೊಪ್ಪು, ಸೀಗೆಕಾಯಿ?" ಅಂತ ಕೇಳುತ್ತೇವೆ. ಯಾರು ತಂದರು ಅಂತ ಕೇಳುವುದಿಲ್ಲ, ಎಲ್ಲಿಂದ ಬಂತು ಅಂತ ಕೇಳುತ್ತೇವೆ. ಉತ್ತರ ಬರುವುದು ಎರಡನೆಯದಕ್ಕೆ.

ಕೊಳೆತ ಶವದ ವರದಿ ಬಂದಾಗ ನಾವು ಕಳಿಸುವ ಪತ್ರದಲ್ಲಿ ನೆಗೆಟಿವ್ ಅನ್ನುವ ಪದ ಬಳಸುವುದಿಲ್ಲ. "ಮಾದರಿ ಕೆಟ್ಟಿತ್ತು, ಏನೂ ಹೇಳಲಾಗದು, ಪುಡಿ ಹಾಕಿ" ಅಂತ ಅಚ್ಚಗನ್ನಡದಲ್ಲಿ ಬರೆಯುತ್ತೇವೆ. ಮನೆಗಳಿಗೆ ಹೋಗುವಾಗ ಯೂನಿಫಾರ್ಮಿನವರು ಬರುವುದಿಲ್ಲ. ಗಾರ್ಡಿಗೆ ಇದನ್ನು ಹೇಳಲು ನನಗೆ ಕಷ್ಟವಾಗಿತ್ತು, ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ. ಅವರು ನಕ್ಕು, "ನಮ್ಮನೆಗೂ ದರಕು ಬರ್ತದೆ ಬಿಡಿ" ಅಂದರು.

ಡ್ರೈವರ್ ದರಕು ಸಾಗಿಸುವುದನ್ನು ಬಿಟ್ಟಿಲ್ಲ. ಬಿಡು ಅಂತ ಹೇಳಲು ನಮಗೆ ಬಾಯಿಯೂ ಬರಲಿಲ್ಲ, ತೋಟಗಳಿಗೆ ಗೊಬ್ಬರ ಬೇಕೇ ಬೇಕು. ಮುಂದಿನ ನವೆಂಬರಿನಲ್ಲಿ ಒಂದು ದಿನ ಬೆಳಿಗ್ಗೆ ಆರೂವರೆಗೆ ಅವನ ಫೋನ್ ಬಂತು. ಬೇರೊಂದು ದಿಬ್ಬದಲ್ಲಿ ಮುಸಿಯ ಬಿದ್ದಿದೆ, ಇನ್ನೂ ಮೈ ಬಿಸಿ ಇದೆಯಂತೆ. "ಮುಟ್ಬೇಡ ಮಾರಾಯ, ದೂರ ನಿಲ್ಲು" ಅಂದೆ. ಅವನು ಆಗಲೇ ಪಿಕಪ್ ಹತ್ತಿ ಕಿಟಕಿ ಏರಿಸಿಕೊಂಡು ಕೂತಿದ್ದ.